ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರೂ ಶಿವನಸಮುದ್ರದ ವಿದ್ಯುಚ್ಛಕ್ತಿಯೂ

ಕೊಳ್ಳೇಗಾಲದಿಂದ ಅರ್ಧ ಗಂಟೆಯ ಪ್ರಯಾಣ ಮಾಡಿದರೆ ಶಿವನಸಮುದ್ರವು ಸಿಕ್ಕುವುದು. ಅಲ್ಲಿ ಕಾವೇರೀ ನದಿಯು ಎರಡು ಕವಲಾಗಿ ಒಡೆದು, ನಡುವೆ ಒಂದು ದ್ವೀಪವನ್ನು ಬಳಸಿಕೊಂಡು, ಬಂಡೆಗಳ ಮೇಲಿಂದ ಕೆಳಕ್ಕೆ ಧುಮುಕುತ್ತದೆ. ಪಡುವಣ ಕವಲಿಗೆ ಗಗನಚುಕ್ಕಿಯೆಂದೂ ಮೂಡಣ ಕವಲಿಗೆ ಭರಚುಕ್ಕಿಯೆಂದೂ ಹೆಸರು. ನಮ್ಮ ಪಾಠಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳಲ್ಲಿ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗಿ ಬಾರದವರು ವಿರಳ. ನೋಡಿದವರೆಲ್ಲರೂ ಆ ನೀರಿನ ಸೊಬಗಿಗೆ ಬೆರಗಾಗುವರು, ಅದರ ಮೊರೆತಕ್ಕೆ ಕಿವಿಗೊಡುವರು, ಮನೆಗೆ ಹಿಂದಿರುಗುವರು. ಆದರೆ ಆ ನೀರು ಬೀಳುವ ಎತ್ತರವನ್ನು ನೋಡಿ, ಅದು ಹೀಗೆ ವ್ಯರ್ಥವಾಗಿ ಬೀಳಬಾರದೆಂದು ನಿಶ್ಚಯಿಸಿ, ಆ ನಿಶ್ಚಯವನ್ನು ಕಾರ್ಯಕ್ಕೆ ತಂದವರು ಒಬ್ಬರಿದ್ದರು. ಅವರೇ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರವರು.

ಈ ಮಹನೀಯರ ಚರಿತ್ರೆಯನ್ನು ಇಲ್ಲಿ ಬರೆಯುವುದಕ್ಕೆ ಎರಡು ಕಾರಣಗಳುಂಟು. ನಮ್ಮ ಸೀಮೆಯ ಹೊಳೆಯಿಂದ ಹೊರಟ ಬೆಳಕಿನ ಹಿಂದೆ ಯಾರ ಶ್ರಮವಿತ್ತೆಂಬುದನ್ನು ನಮ್ಮ ಮಕ್ಕಳು ಅರಿತಿರಬೇಕೆಂಬುದು ಮೊದಲನೆಯದು. ವೋಲ್ಟೇಜ್ ಎಂಬ ಮಾತನ್ನು ದಿನವೂ ಆಡುತ್ತಿದ್ದರೂ ಅದರ ಅರ್ಥವನ್ನು ಸ್ಪಷ್ಟವಾಗಿ ಬಲ್ಲವರು ಕೆಲವರೇ. ಆ ಅರ್ಥವು ಈ ಚರಿತ್ರೆಯೊಳಗೆ ಬಹು ಸುಲಭವಾಗಿ ತಿಳಿಯುತ್ತದೆಂಬುದು ಎರಡನೆಯದು. ಈಗ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ತಾವೇ ಮೋಟಾರು ಗಾಡಿಗಳನ್ನು ನಡೆಸುವರು. ಈ ಒಂದು ಅರ್ಥವನ್ನು ತಿಳಿದವಳು ಹನೂರಿನ ರಸ್ತೆಯಲ್ಲಿ ಗಾಡಿ ಹೊರಡದೆ ನಿಂತಾಗಲೂ ಕಂಗೆಡಬೇಕಾದುದಿಲ್ಲ. ಅದನ್ನು ಈ ಲೇಖನದ ಕೊನೆಯಲ್ಲಿ ವಿವರಿಸುವೆನು.

ಬಾಲ್ಯವೂ ವಿದ್ಯಾಭ್ಯಾಸವೂ

ಶೇಷಾದ್ರಿ ಅಯ್ಯರವರು ೧೮೪೫ನೆಯ ಇಸವಿ ಜೂನ್ ತಿಂಗಳ ೧ನೆಯ ತಾರೀಖಿನಲ್ಲಿ ಮಲಬಾರಿನ ಪಾಲಘಾಟಿನ ಬಳಿಯ ಕುಮಾರಪುರವೆಂಬ ಗ್ರಾಮದಲ್ಲಿ ಜನಿಸಿದರು. ತಂದೆ ಅನಂತನಾರಾಯಣ ಅಯ್ಯರವರು ಕಲ್ಲಿಕೋಟೆಯಲ್ಲಿ ವಕೀಲಿ ವೃತ್ತಿಯನ್ನು ನಡೆಸುತ್ತಿದ್ದರು. ಬಾಲಕನು ಕಲ್ಲಿಕೋಟೆಯಲ್ಲಿ ಓದಿ, ಅಲ್ಲಿಂದ ಮದರಾಸಿಗೆ ಹೋಗಿ, ಪ್ರೆಸಿಡೆನ್ಸಿ ಕಾಲೇಜನ್ನು ಸೇರಿ, ೧೮೬೮ರಲ್ಲಿ ಬಿ. ಎ. ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದನು. ಆ ಕಾಲದಲ್ಲಿ ಈ ಪದವಿಯನ್ನು ಪಡೆದವರು ಇಡೀ ಮದರಾಸು ಆಧಿಪತ್ಯದಲ್ಲಿಯೇ ಅಲ್ಪ ಸಂಖ್ಯೆಯವರು. ಅದೇ ವರ್ಷ, ಮೈಸೂರಿನಲ್ಲಿ ಉನ್ನತ ಅಧಿಕಾರದಲ್ಲಿದ್ದ ಸಿ. ರಂಗಾಚಾರ್ಲು ಅವರು ಈ ಯುವಕನ ಬುದ್ಧಿಯನ್ನು ಮೆಚ್ಚಿ ಮೈಸೂರಿಗೆ ಕರೆದುಕೊಂಡರು. ಹೀಗೆ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಪರಸ್ಥಳದಿಂದ ಬಂದ ಅವರು ಮುಂದಿನ ಮೂವತ್ತಮೂರು ವರ್ಷಗಳನ್ನು, ಎಂದರೆ ತಮ್ಮ ಉಳಿದ ಆಯುಷ್ಯವೆಲ್ಲವನ್ನೂ, ಈ ನಾಡಿನ ಕೆಲಸಕ್ಕೇ ಸವೆಸಿದರು.

ಮೊದಲು ನ್ಯಾಯಾಂಗದ ಕಚೇರಿಗಳಲ್ಲಿ ಕೆಲಸಮಾಡುತ್ತ, ೧೮೭೪ರಲ್ಲಿ ಬಿ. ಎಲ್. ಪರೀಕ್ಷೆಯನ್ನೂ ಮುಗಿಸಿದರು. ಬಳಿಕ ಡೆಪ್ಯುಟಿ ಕಮಿಷನರಾಗಿ ಜಿಲ್ಲಾಡಳಿತವನ್ನು ನಡೆಸಿ, ರೈತರ ಕಷ್ಟವನ್ನೂ ಕೆರೆ ಕಾಲುವೆಗಳ ಸ್ಥಿತಿಯನ್ನೂ ಹತ್ತಿರದಿಂದ ಕಂಡರು. ೧೮೭೬ರಿಂದ ೧೮೭೮ರವರೆಗೆ ಮೈಸೂರು ಸಂಸ್ಥಾನವನ್ನು ಘೋರವಾದ ಬರಗಾಲವು ಪೀಡಿಸಿತು. ಹಳ್ಳಿಗಳು ಬರಿದಾದುವು, ಲಕ್ಷಾಂತರ ಜನರು ಮಡಿದರು, ಸರ್ಕಾರವು ಸಾಲದಲ್ಲಿ ಮುಳುಗಿತು. ಮಳೆಯ ನೀರನ್ನು ನಿಲ್ಲಿಸಿ ಕಾಪಾಡಿಕೊಳ್ಳದ ನಾಡಿಗೆ ಉಳಿವಿಲ್ಲವೆಂಬ ಪಾಠವನ್ನು ಆ ವರ್ಷಗಳು ಎಲ್ಲರಿಗೂ ಕಲಿಸಿದುವು.

ದಿವಾನ ಪದವಿ

೧೮೮೧ರಲ್ಲಿ ಚಾಮರಾಜೇಂದ್ರ ಒಡೆಯರವರಿಗೆ ರಾಜ್ಯವು ಮರಳಿ ದೊರೆತಾಗ ರಂಗಾಚಾರ್ಲು ಅವರು ದಿವಾನರಾದರು. ಆದರೆ ೧೮೮೩ರ ಜನವರಿಯಲ್ಲಿ ಅವರು ದಿವಂಗತರಾದರು. ಆ ಸ್ಥಾನಕ್ಕೆ ಬಂದ ಶೇಷಾದ್ರಿ ಅಯ್ಯರವರಿಗೆ ಆಗ ಕೇವಲ ಮೂವತ್ತೇಳು ವರ್ಷ. ಬರಗಾಲದ ಸಾಲದ ಹೊರೆ ಇನ್ನೂ ಇಳಿದಿರಲಿಲ್ಲ. ಅವರು ಮೊದಲು ಹಣಕಾಸನ್ನು ಸರಿಪಡಿಸಿದರು. ರೈಲು ಮಾರ್ಗಗಳನ್ನು ವಿಸ್ತರಿಸಿದರು, ನೀರಾವರಿಗೆ ಹಣವನ್ನು ಕೊಟ್ಟರು. ೧೮೯೪ರಲ್ಲಿ ಭೂಗರ್ಭ ಶಾಸ್ತ್ರದ ಇಲಾಖೆಯು ಸ್ಥಾಪಿತವಾಯಿತು. ಹೆಸರಘಟ್ಟದ ಕೆರೆಯಿಂದ ಬೆಂಗಳೂರಿಗೆ ಕುಡಿಯುವ ನೀರು ಬಂದಿತು. ಚಿತ್ರದುರ್ಗ ಸೀಮೆಯ ಮಾರಿಕಣಿವೆಯ ಅಣೆಕಟ್ಟಿಗೆ ೧೮೯೮ರಲ್ಲಿ ಕೆಲಸ ಮೊದಲಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ಪ್ಲೇಗು ಕಾಣಿಸಿಕೊಂಡಾಗ, ಇಕ್ಕಟ್ಟಾದ ಹಳೆಯ ಪೇಟೆಯಿಂದ ಜನರು ಹೊರಬರಲೆಂದು ಬಸವನಗುಡಿ, ಮಲ್ಲೇಶ್ವರ ಎಂಬ ಹೊಸ ಬಡಾವಣೆಗಳು ಏರ್ಪಟ್ಟುವು. ವಿಕ್ಟೋರಿಯಾ ಆಸ್ಪತ್ರೆಯು ೧೯೦೦ರ ಡಿಸೆಂಬರಿನಲ್ಲಿ ತೆರೆಯಲ್ಪಟ್ಟಿತು.

ಈ ಆಡಳಿತವು ದೂರಿಲ್ಲದೆ ನಡೆಯಿತೆಂದು ಹೇಳಲಾಗದು. ಮುಖ್ಯ ಉದ್ಯೋಗಗಳಿಗೆ ಮದರಾಸಿನ ಕಡೆಯವರನ್ನೇ ತಂದು ತುಂಬುತ್ತಾರೆಂದೂ ಮೈಸೂರಿನವರಿಗೆ ಎಡೆಗೊಡುವುದಿಲ್ಲವೆಂದೂ ಇಲ್ಲಿಯ ವಿದ್ಯಾವಂತರು ನೊಂದು ಬರೆದರು. ಎದುರುಮಾತನ್ನು ದಿವಾನರು ಸುಲಭವಾಗಿ ಸಹಿಸುತ್ತಿರಲಿಲ್ಲವೆಂಬುದೂ ಉಂಟು. ದೊಡ್ಡವರ ಚರಿತ್ರೆಯನ್ನು ಬರೆಯುವಾಗ ಇದನ್ನು ಮರೆಮಾಚುವುದು ಮಕ್ಕಳಿಗೆ ಒಳ್ಳೆಯದಲ್ಲ. ಆದರೆ ಸಾಲದೊಡನೆ ಆರಂಭವಾದ ಆಡಳಿತವು ಬೊಕ್ಕಸದಲ್ಲಿ ಮಿಗತೆಯೊಡನೆ ಮುಗಿಯಿತೆಂಬುದನ್ನು ಅವರ ವಿರೋಧಿಗಳೂ ಒಪ್ಪಬೇಕಾಯಿತು.

೧೮೯೪ರ ಡಿಸೆಂಬರಿನಲ್ಲಿ ಮಹಾರಾಜರು ಕಲ್ಕತ್ತೆಯಲ್ಲಿ ಅಕಾಲ ಮರಣವನ್ನು ಹೊಂದಿದರು. ಯುವರಾಜರು ಇನ್ನೂ ಬಾಲಕರು. ಆಗ ಮಹಾರಾಣಿ ಕೆಂಪನಂಜಮ್ಮಣ್ಣಿಯವರು, ವಾಣೀವಿಲಾಸ ಸನ್ನಿಧಾನದವರೆಂದು ಪ್ರಖ್ಯಾತರಾದವರು, ರೀಜೆಂಟರಾಗಿ ರಾಜ್ಯಭಾರವನ್ನು ವಹಿಸಿಕೊಂಡು, ೧೯೦೨ರ ಆಗಸ್ಟಿನವರೆಗೆ ನಡೆಸಿದರು. ನಾವು ಮುಂದೆ ಹೇಳಲಿರುವ ಮಹಾಕಾರ್ಯವು ಒಪ್ಪಿಗೆ ಪಡೆದುದೂ ಮುಗಿದುದೂ ಒಬ್ಬ ಸ್ತ್ರೀಯ ರಾಜ್ಯಭಾರದಲ್ಲಿ ಎಂಬುದನ್ನು ನಮ್ಮ ವಿದ್ಯಾರ್ಥಿನಿಯರು ನೆನಪಿನಲ್ಲಿಡತಕ್ಕದ್ದು.

ಜಲಪಾತವೂ ಚಿನ್ನದ ಗಣಿಯೂ

ಆ ಕಾಲದಲ್ಲಿ ಕೋಲಾರದ ಚಿನ್ನದ ಗಣಿಗಳು ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಸಂಸ್ಥೆಯ ಮೇಲ್ವಿಚಾರಣೆಯಲ್ಲಿ ಭರದಿಂದ ನಡೆಯುತ್ತಿದ್ದುವು. ಬಂಡೆಯನ್ನು ಪುಡಿಮಾಡುವುದಕ್ಕೂ ನೀರನ್ನು ಮೇಲೆತ್ತುವುದಕ್ಕೂ ಅಲ್ಲಿ ಉಗಿಯಂತ್ರಗಳಿದ್ದುವು. ಅವುಗಳಿಗೆ ಬೇಕಾದ ಸೌದೆ ಕಲ್ಲಿದ್ದಲುಗಳನ್ನು ದೂರದಿಂದ ತರಿಸಬೇಕಾಗಿದ್ದುದರಿಂದ ವೆಚ್ಚವು ಬಹಳವಾಗುತ್ತಿತ್ತು. ಇತ್ತ ಶಿವನಸಮುದ್ರದಲ್ಲಿ ಸುಮಾರು ೪೦೦ ಅಡಿಗಳ ಇಳಿತದಲ್ಲಿ ಕಾವೇರಿಯು ಹಗಲಿರುಳೂ ಬೀಳುತ್ತಿದ್ದಳು. ಒಂದು ಕಡೆ ಶಕ್ತಿ, ಇನ್ನೊಂದು ಕಡೆ ಶಕ್ತಿಯ ಬೇಡಿಕೆ. ನಡುವೆ ೯೨ ಮೈಲಿಗಳ ಅಂತರ.

ಅಮೆರಿಕದ ನಯಾಗರಾ ಜಲಪಾತದಿಂದ ಬಫಲೋ ನಗರಕ್ಕೆ ೧೮೯೬ರ ನವೆಂಬರಿನಲ್ಲಿ ವಿದ್ಯುಚ್ಛಕ್ತಿಯನ್ನು ಒಯ್ದಿದ್ದರು. ಆ ದೂರವು ೨೬ ಮೈಲಿ; ಅಲ್ಲಿ ಉಪಯೋಗಿಸಿದ ಒತ್ತಡ ೧೧,೦೦೦ ವೋಲ್ಟು. ಭಾರತದಲ್ಲಿ ೧೮೯೭ರಲ್ಲಿ ಡಾರ್ಜಿಲಿಂಗಿನ ಬಳಿ ಒಂದು ಚಿಕ್ಕ ಜಲವಿದ್ಯುತ್ ಕೇಂದ್ರವು ಆರಂಭವಾಗಿತ್ತು. ಶಿವನಸಮುದ್ರವೇ ಭಾರತದಲ್ಲಿ ಮೊದಲನೆಯದೆಂದು ಹೇಳುವವರು ಇದನ್ನು ಮರೆಯುವರು. ಆದರೆ ಡಾರ್ಜಿಲಿಂಗಿನದು ಒಂದು ಊರಿನ ದೀಪಗಳಿಗೆ ಸಾಲುವಷ್ಟರದು. ೯೨ ಮೈಲಿ ದೂರದ ಗಣಿಗಳ ಯಂತ್ರಗಳನ್ನೇ ಓಡಿಸುವ ಯೋಚನೆಯು ಅಂದಿನ ಭಾರತದಲ್ಲಿ ಯಾರೂ ಕೈಹಾಕದ ಸಾಹಸ. ವಿಫಲವಾದರೆ ಪ್ರಜೆಗಳ ತೆರಿಗೆಯ ಹಣವು ನೀರಿನಲ್ಲಿ ಹೋದಂತೆ. ಬರಗಾಲದ ಸಾಲವನ್ನು ಕಂಡಿದ್ದ ದಿವಾನರಿಗೆ ಈ ಭಯವು ತಿಳಿಯದುದಲ್ಲ. ಆದಾಗ್ಯೂ ಅವರು ಸರ್ಕಾರವೇ ಈ ಕೆಲಸವನ್ನು ಕೈಕೊಳ್ಳಬೇಕೆಂಬ ಪಕ್ಷವನ್ನು ಹಿಡಿದರು.

ಅವರಿಗೆ ಬಲಗೈಯಾಗಿ ದೊರೆತವರು ಜೋಲಿ ಡಿ ಲೋಟ್‌ಬಿನಿಯರ್ ಎಂಬ ಇಂಜನೀಯರು. ಕೆನಡಾ ದೇಶದಲ್ಲಿ ಬೆಳೆದು, ರಾಯಲ್ ಇಂಜನೀಯರ್ಸ್ ದಳವನ್ನು ಸೇರಿ, ಮೈಸೂರಿನಲ್ಲಿ ಡೆಪ್ಯುಟಿ ಚೀಫ್ ಇಂಜನೀಯರಾಗಿದ್ದರು. ಅವರನ್ನು ಯೂರೋಪಿಗೂ ಅಮೆರಿಕಕ್ಕೂ ಕಳುಹಿಸಿ, ನಯಾಗರಾ ಮೊದಲಾದ ಸ್ಥಳಗಳಲ್ಲಿ ಕಣ್ಣಾರೆ ನೋಡಿ ಬರುವಂತೆ ಏರ್ಪಡಿಸಲಾಯಿತು. ದಿವಾನರು ವಿಜ್ಞಾನವನ್ನು ಓದಿದವರಲ್ಲ, ಕಾನೂನನ್ನು ಓದಿದವರು. ತಾವು ಅರಿಯದ ವಿಷಯದಲ್ಲಿ ಅರಿತವರನ್ನು ಹುಡುಕಿ, ಅವರು ತಂದ ಲೆಕ್ಕವನ್ನು ಪರಿಶೀಲಿಸಿ, ಬಳಿಕ ಧೈರ್ಯವಾಗಿ ಒಪ್ಪಿಗೆ ಕೊಡುವುದು ಅವರ ಪದ್ಧತಿ.

ವೋಲ್ಟೇಜ್ ಎಂದರೇನು

ಇಲ್ಲಿ ಸ್ವಲ್ಪ ನಿಂತು ಆ ಲೆಕ್ಕವನ್ನು ತಿಳಿಯೋಣ. ಮನೆಯ ಮಾಳಿಗೆಯ ಮೇಲೆ ನೀರಿನ ತೊಟ್ಟಿಯಿದೆ. ತೊಟ್ಟಿಯು ಎಷ್ಟು ಎತ್ತರದಲ್ಲಿದೆಯೋ ಅಷ್ಟು ರಭಸವಾಗಿ ಕೆಳಗಿನ ನಲ್ಲಿಯಲ್ಲಿ ನೀರು ನುಗ್ಗುತ್ತದೆ. ಆ ಎತ್ತರದಿಂದ ಬಂದ ಒತ್ತಡದಂತಹುದೇ ವಿದ್ಯುತ್ತಿನಲ್ಲಿ ವೋಲ್ಟೇಜ್. ಒಂದು ನಿಮಿಷದಲ್ಲಿ ಎಷ್ಟು ಕೊಡ ನೀರು ಹರಿಯುತ್ತದೆಂಬ ಮೊತ್ತದಂತಹುದು ಆಂಪಿಯರುಗಳಲ್ಲಿ ಅಳೆಯುವ ಪ್ರವಾಹ. ಕೊಳವೆಯು ಕಿರಿದಾಗಿದ್ದರೂ ಒಳಗೆ ಪಾಚಿ ಕಟ್ಟಿದ್ದರೂ ನೀರಿಗೆ ತಡೆಯಾಗುವಂತೆ ತಂತಿಯಲ್ಲಿಯೂ ತಡೆಯುಂಟು. ಅದನ್ನು ಓಮ್‌ಗಳಲ್ಲಿ ಅಳೆಯುವರು. ಪ್ರವಾಹವನ್ನು ತಡೆಯಿಂದ ಗುಣಿಸಿದರೆ ದಾರಿಯಲ್ಲಿ ಎಷ್ಟು ವೋಲ್ಟು ನಷ್ಟವಾಯಿತೆಂಬುದು ಬರುವುದು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಒಟ್ಟು ಶಕ್ತಿಯು ವಾಟ್‌ಗಳಲ್ಲಿ ಬರುವುದು. ವೋಲ್ಟ್ ಎಂಬ ಹೆಸರು ೧೮೦೦ರಲ್ಲಿ ಲೋಹದ ಬಿಲ್ಲೆಗಳನ್ನು ಒಂದರ ಮೇಲೊಂದು ಜೋಡಿಸಿ ಮೊದಲನೆಯ ಬ್ಯಾಟರಿಯನ್ನು ಲೋಕಕ್ಕೆ ತಿಳಿಸಿದ ಇಟಲಿಯ ಅಲೆಸ್ಸಾಂಡ್ರೋ ವೋಲ್ಟಾ ಅವರಿಂದ ಬಂದುದು.

ಈಗ ಕೋಲಾರಕ್ಕೆ ೩೫ ಲಕ್ಷ ವಾಟ್ ಶಕ್ತಿಯನ್ನು ಕಳುಹಿಸಬೇಕೆಂದು ಒಂದು ಸರಳವಾದ ಲೆಕ್ಕವನ್ನು ಮಾಡೋಣ. ೩೫೦ ವೋಲ್ಟಿನಲ್ಲಿ ಕಳುಹಿಸಿದರೆ ೧೦,೦೦೦ ಆಂಪಿಯರು ಹರಿಯಬೇಕು. ೩೫,೦೦೦ ವೋಲ್ಟಿನಲ್ಲಿ ಕಳುಹಿಸಿದರೆ ೧೦೦ ಆಂಪಿಯರು ಸಾಕು. ತಂತಿಯು ಬಿಸಿಯಾಗಿ ವ್ಯರ್ಥವಾಗುವ ಶಕ್ತಿಯು ಪ್ರವಾಹದ ವರ್ಗಕ್ಕೆ ಅನುಗುಣವಾದುದು. ಆದುದರಿಂದ ಪ್ರವಾಹವು ನೂರರಲ್ಲಿ ಒಂದು ಭಾಗವಾದರೆ ನಷ್ಟವು ಹತ್ತು ಸಾವಿರದಲ್ಲಿ ಒಂದು ಭಾಗವಾಗುವುದು. ಕಡಿಮೆ ಒತ್ತಡದಲ್ಲಿ ಕಳುಹಿಸಿದ್ದರೆ ಶಕ್ತಿಯೆಲ್ಲವೂ ದಾರಿಯ ತಂತಿಯನ್ನು ಕಾಯಿಸುವುದರಲ್ಲಿಯೇ ಮುಗಿದುಹೋಗಿ, ಕೋಲಾರಕ್ಕೆ ಏನೂ ಮುಟ್ಟುತ್ತಿರಲಿಲ್ಲ. ಈ ಕಾರಣದಿಂದಲೇ ಶಿವನಸಮುದ್ರದ ಮಾರ್ಗಕ್ಕೆ ೩೫,೦೦೦ ವೋಲ್ಟಿನ ಒತ್ತಡವನ್ನು ಗೊತ್ತುಮಾಡಿದರು. ನಯಾಗರಾದ ಮಾರ್ಗಕ್ಕಿಂತ ದೂರವು ಮೂರುವರೆಯಷ್ಟು, ಒತ್ತಡವು ಮೂರರಷ್ಟಕ್ಕೂ ಹೆಚ್ಚು.

ಯಂತ್ರಗಳು ಬಂದ ಬಗೆ

ಗಣಿಗಳವರು ಶಕ್ತಿಯನ್ನು ಕೊಳ್ಳಲು ಕರಾರು ಮಾಡಿಕೊಟ್ಟರು. ನೀರಿನ ಚಕ್ರಗಳಿಗೆ ಸ್ವಿಟ್ಜರ್‌ಲೆಂಡಿನ ಎಷರ್ ವಿಸ್ ಕಂಪನಿಗೂ, ವಿದ್ಯುತ್ ಯಂತ್ರಗಳಿಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಗೂ ಕೆಲಸವನ್ನು ಒಪ್ಪಿಸಲಾಯಿತು. ಸಮುದ್ರವನ್ನು ದಾಟಿ ಬಂದ ಭಾರವಾದ ಯಂತ್ರಭಾಗಗಳು ರೈಲಿನಲ್ಲಿ ಮದ್ದೂರಿನವರೆಗೆ ಬಂದುವು. ಅಲ್ಲಿಂದ ಮುಂದಕ್ಕೆ ರೈಲಿಲ್ಲ. ಎತ್ತಿನ ಬಂಡಿಗಳಲ್ಲಿಯೂ ಆನೆಗಳ ಬಲದಿಂದಲೂ ಅವನ್ನು ಮಣ್ಣಿನ ರಸ್ತೆಗಳ ಮೇಲೆ ಎಳೆದು ಹೊಳೆಯ ದಡಕ್ಕೆ ಸೇರಿಸಿದರು. ಜಲಪಾತದ ಮೇಲ್ಗಡೆ ನದಿಯ ನೀರನ್ನು ಕಾಲುವೆಗೆ ತಿರುಗಿಸಿ, ಬೆಟ್ಟದ ಓರೆಯಲ್ಲಿ ಕಬ್ಬಿಣದ ದೊಡ್ಡ ಕೊಳವೆಗಳನ್ನು ಇಳಿಸಿ, ಕೆಳಗೆ ಯಂತ್ರಗೃಹವನ್ನು ಕಟ್ಟಿದರು. ಆರಂಭದಲ್ಲಿ ಅಲ್ಲಿ ತಲಾ ೭೨೦ ಕಿಲೋವಾಟ್ ಶಕ್ತಿಯ ಆರು ಯಂತ್ರಗಳನ್ನು ನಿಲ್ಲಿಸಲಾಯಿತು. ಅತ್ತ ಹೊಲ, ಕಾಡು, ಕೆರೆಯಂಗಳಗಳನ್ನು ದಾಟಿ ಕೋಲಾರದವರೆಗೆ ಕಂಬಗಳು ಸಾಲಾಗಿ ನಿಂತುವು. ಜಗತ್ತಿನಲ್ಲಿ ಅಂದಿಗೆ ಇದ್ದ ಅತಿ ದೀರ್ಘವಾದ ವಿದ್ಯುತ್ ಮಾರ್ಗಗಳಲ್ಲಿ ಇದೂ ಒಂದಾಗಿತ್ತು.

ಅವಸಾನ

ಯಂತ್ರಗಳು ಬರುವ ಹೊತ್ತಿಗೆ ದಿವಾನರ ಆರೋಗ್ಯವು ಕೆಟ್ಟಿತ್ತು. ಹದಿನೇಳು ಹದಿನೆಂಟು ವರ್ಷಗಳ ಎಡೆಬಿಡದ ದುಡಿಮೆಯು ದೇಹವನ್ನು ಸವೆಸಿತ್ತು. ೧೯೦೦ರ ಆಗಸ್ಟಿನಲ್ಲಿ ಅವರು ಕೆಲಸದಿಂದ ವಿರಮಿಸಬೇಕಾಯಿತು. ಆಗ ಟಿ. ಆರ್. ಎ. ತಂಬೂಚೆಟ್ಟಿಯವರು ಹಂಗಾಮಿ ದಿವಾನರಾಗಿ ಭಾರವನ್ನು ಹೊತ್ತರು. ಮರುವರ್ಷ ದಿವಾನರಾಗಿ ನೇಮಕವಾದವರು ನಮ್ಮ ಯಳಂದೂರಿನ ಜಹಗೀರುದಾರರಾದ ಪಿ. ಎನ್. ಕೃಷ್ಣಮೂರ್ತಿಯವರು. ೧೮೦೭ರಲ್ಲಿ ಯಳಂದೂರನ್ನು ಜಹಗೀರಾಗಿ ಪಡೆದ ದಿವಾನ್ ಪೂರ್ಣಯ್ಯನವರ ವಂಶದವರೇ ಇವರು. ಹೀಗೆ ಕಾವೇರಿಯ ಕೆಲಸವು ಕೊನೆಗೆ ನಮ್ಮ ನೆರೆಯ ಊರಿನವರ ಕೈಗೇ ಬಂದಿತು.

೧೯೦೧ನೆಯ ಇಸವಿ ಸೆಪ್ಟೆಂಬರ್ ೧೩ನೆಯ ತಾರೀಖು ಶೇಷಾದ್ರಿ ಅಯ್ಯರವರು ಇಹಲೋಕವನ್ನು ಬಿಟ್ಟರು. ಆಗ ಅವರ ವಯಸ್ಸು ಐವತ್ತಾರು. ೧೯೦೨ನೆಯ ಇಸವಿ ಜೂನ್ ೩೦ನೆಯ ತಾರೀಖು ಶಿವನಸಮುದ್ರದ ಶಕ್ತಿಯು ಕೋಲಾರವನ್ನು ಮುಟ್ಟಿ, ಗಣಿಯ ಯಂತ್ರಗಳು ತಿರುಗಿದುವು. ನಡುವಣ ಅಂತರ ಒಂಬತ್ತೂವರೆ ತಿಂಗಳು. ಯಾವ ಕೆಲಸಕ್ಕಾಗಿ ತಮ್ಮ ಹೆಸರನ್ನೂ ಸಂಸ್ಥಾನದ ಹಣವನ್ನೂ ಪಣವಾಗಿಟ್ಟರೋ ಆ ಕೆಲಸವು ಕೈಗೂಡಿದುದನ್ನು ಅವರು ನೋಡಲಿಲ್ಲ. ೧೯೦೫ರ ಆಗಸ್ಟ್ ೫ರಂದು ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪವು ಬೆಳಗಿತು. ೧೯೦೮ರಲ್ಲಿ ಮೈಸೂರು ನಗರಕ್ಕೂ ಬೆಳಕು ಬಂದಿತು. ಅವಾವುದನ್ನೂ ಅವರು ಕಾಣಲಿಲ್ಲ. ೧೯೧೩ರಲ್ಲಿ ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಅವರ ಪ್ರತಿಮೆಯನ್ನು ವೈಸರಾಯ್ ಲಾರ್ಡ್ ಹಾರ್ಡಿಂಜರು ಅನಾವರಣ ಮಾಡಿದರು. ಅಲ್ಲಿಯೇ ಅವರ ಸ್ಮಾರಕ ಭವನವೂ ಇದೆ. ಶೇಷಾದ್ರಿಪುರವೆಂಬ ಬಡಾವಣೆಯೂ ಅವರ ಹೆಸರನ್ನು ಹೊತ್ತಿದೆ. ಕೋಲಾರದ ಗಣಿಗಳು ೨೦೦೧ರಲ್ಲಿ ಮುಚ್ಚಿದುವು. ಶಿವನಸಮುದ್ರದ ಯಂತ್ರಗೃಹವು ಮಾತ್ರ ಕ್ರಮೇಣ ೪೨ ಮೆಗಾವಾಟ್‌ನಷ್ಟಾಗಿ ಬೆಳೆದು ನಿಂತಿದೆ.

ಮೋಟಾರು ಗಾಡಿಯಲ್ಲಿ ಅದೇ ನಿಯಮ

ಈಗ ಮೊದಲು ಕೊಟ್ಟ ಮಾತಿನಂತೆ ಮೋಟಾರು ಗಾಡಿಯ ವಿಷಯಕ್ಕೆ ಬರುವೆನು. ಮುಂಜಾನೆ ಮಲೆಮಹದೇಶ್ವರನ ಬೆಟ್ಟಕ್ಕೆ ಹೊರಟ ಕುಟುಂಬವೊಂದು ಹನೂರಿನಲ್ಲಿ ಕಾಫಿಗೆಂದು ಇಳಿಯಿತೆಂದು ಭಾವಿಸೋಣ. ಹಿಂದಿರುಗಿ ಬಂದು ಕೀಲಿಯನ್ನು ತಿರುಗಿಸಿದರೆ ಟಕ್ ಎಂಬ ಶಬ್ದ ಮಾತ್ರ, ಇಂಜಿನ್ನು ತಿರುಗದು. ದೀಪವನ್ನು ಹಾಕಿದರೆ ಚೆನ್ನಾಗಿ ಉರಿಯುತ್ತದೆ. ಸೇರಿದ ಜನರಲ್ಲಿ ಒಬ್ಬರು ಬ್ಯಾಟರಿ ಹೋಯಿತೆನ್ನುವರು, ಇನ್ನೊಬ್ಬರು ಸೆಲ್ಫ್ ಕೆಟ್ಟಿತೆನ್ನುವರು. ಯಜಮಾನರು ಸಾವಿರಾರು ರೂಪಾಯಿ ಕೊಟ್ಟು ಹೊಸ ಬ್ಯಾಟರಿಯನ್ನು ಕೊಳ್ಳುವರು. ಆದರೂ ಗಾಡಿ ಹೊರಡದು. ಏತಕ್ಕೆ?

ಗಾಡಿಯ ಬ್ಯಾಟರಿಯೊಳಗೆ ಆರು ಕೋಶಗಳಿವೆ. ಒಂದೊಂದೂ ಎರಡು ವೋಲ್ಟಿಗಿಂತ ತುಸು ಹೆಚ್ಚು ಕೊಡುತ್ತದೆ; ಆದುದರಿಂದ ಪೂರ್ಣವಾಗಿ ತುಂಬಿದ ಬ್ಯಾಟರಿಯು ಸುಮಾರು ೧೨.೬ ವೋಲ್ಟನ್ನು ತೋರಿಸುವುದು. ಇದು ಬಹು ತಗ್ಗಾದ ಒತ್ತಡ. ಇಷ್ಟು ತಗ್ಗಾದ ಒತ್ತಡದಿಂದ ಇಂಜಿನ್ನನ್ನು ತಿರುಗಿಸಬೇಕಾದರೆ ಪ್ರವಾಹವು ಬಹಳವಾಗಬೇಕು; ಆ ಕ್ಷಣದಲ್ಲಿ ೨೦೦ ಆಂಪಿಯರು ಹರಿಯುವುದುಂಟು. ಬ್ಯಾಟರಿಯ ಕೊನೆಯಲ್ಲಿ ಬಿಳಿ ಹಸುರಿನ ಪುಡಿ ಕಟ್ಟಿ, ಅಲ್ಲಿ ಓಮಿನ ನೂರನೆಯ ಒಂದು ಭಾಗದಷ್ಟು ತಡೆಯುಂಟಾಯಿತೆನ್ನೋಣ. ೨೦೦ನ್ನು ಅದರಿಂದ ಗುಣಿಸಿದರೆ ೨ ವೋಲ್ಟು. ಹನ್ನೆರಡರಲ್ಲಿ ಎರಡು ದಾರಿಯಲ್ಲಿಯೇ ಹೋಯಿತು. ಇಂಜಿನ್ನು ತಿರುಗುವ ಬಲ ಉಳಿಯಲಿಲ್ಲ. ಅದೇ ಪುಡಿಯ ಮೂಲಕ ಒಂದು ದೀಪಕ್ಕೆ ಬೇಕಾದ ಐದು ಆಂಪಿಯರು ಹರಿದರೆ ನಷ್ಟವು ವೋಲ್ಟಿನ ಇಪ್ಪತ್ತನೆಯ ಒಂದು ಭಾಗ ಮಾತ್ರ. ದೀಪವು ಚೆನ್ನಾಗಿ ಉರಿದು ನಮ್ಮನ್ನು ಮೋಸಗೊಳಿಸುವುದು ಹೀಗೆ. ಪ್ರವಾಹವು ಹೆಚ್ಚಿದಂತೆ ದಾರಿಯ ನಷ್ಟವೂ ಹೆಚ್ಚುವುದೆಂಬ ನಿಯಮವು ಕೋಲಾರದ ೯೨ ಮೈಲಿಗೂ ಗಾಡಿಯ ಎರಡು ಮೊಳದ ತಂತಿಗೂ ಒಂದೇ. ಅಲ್ಲಿ ಒತ್ತಡವನ್ನು ಏರಿಸಿ ನಷ್ಟವನ್ನು ತಡೆದರು. ಗಾಡಿಯಲ್ಲಿ ಹಾಗೆ ಮಾಡಲಾಗದುದರಿಂದ ತಂತಿಯನ್ನು ದಪ್ಪವಾಗಿಯೂ ಕೂಡುವ ಜಾಗವನ್ನು ಶುದ್ಧವಾಗಿಯೂ ಇಡಬೇಕು.

ಆದುದರಿಂದ ಹೊಸದನ್ನು ಕೊಳ್ಳುವ ಮೊದಲು ಅಳೆದು ನೋಡತಕ್ಕದ್ದು. ಮಲ್ಟಿಮೀಟರ್ ಎಂಬ ಚಿಕ್ಕ ಅಳತೆಯ ಯಂತ್ರವು ಕೆಲವು ನೂರು ರೂಪಾಯಿಗಳಿಗೆ ದೊರೆಯುವುದು. ಕ್ರಮವು ಹೀಗಿದೆ. ಗಾಡಿಯನ್ನು ನ್ಯೂಟ್ರಲ್ಲಿನಲ್ಲಿರಿಸಿ, ಕೈಬ್ರೇಕನ್ನು ಎಳೆದು, ಕೈಯ ಬಳೆ ಉಂಗುರಗಳನ್ನು ತೆಗೆದಿಡಬೇಕು. ಲೋಹದ ಬಳೆಯು ಬ್ಯಾಟರಿಯ ಎರಡು ಕೊನೆಗಳಿಗೆ ತಗುಲಿದರೆ ಕಾದು ಕೈಯನ್ನು ಸುಡುವುದು. ಯಂತ್ರವನ್ನು ನೇರ ಪ್ರವಾಹದ ವೋಲ್ಟಿಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಧನ ಕೊನೆಗೂ ಕಪ್ಪು ಕಡ್ಡಿಯನ್ನು ಋಣ ಕೊನೆಗೂ ಮುಟ್ಟಿಸಬೇಕು. ಗಾಡಿ ಕೆಲಕಾಲ ನಿಂತಿದ್ದ ಮೇಲೆ ೧೨.೬ರ ಹತ್ತಿರ ತೋರಿಸಿದರೆ ಬ್ಯಾಟರಿ ತುಂಬಿದೆ, ೧೨.೨ ಎಂದರೆ ಸುಮಾರು ಅರ್ಧ. ೧೨ಕ್ಕಿಂತ ಕೆಳಗಾದರೆ ಬಹುಮಟ್ಟಿಗೆ ಬರಿದು. ಬಳಿಕ ಇನ್ನೊಬ್ಬರು ಕೀಲಿಯನ್ನು ತಿರುಗಿಸುವಾಗ ನೋಡಬೇಕು. ಆಗ ಅಂಕಿಯು ಹತ್ತಕ್ಕಿಂತ ಬಹಳ ಕೆಳಗೆ ಕುಸಿದರೆ ಬ್ಯಾಟರಿಯಲ್ಲಿಯೇ ದೋಷ, ಅಥವಾ ಅದು ತುಂಬಿಲ್ಲ. ಕುಸಿಯದೆ ನಿಂತು ಇಂಜಿನ್ನು ಮಾತ್ರ ತಿರುಗದಿದ್ದರೆ ದೋಷವು ದಾರಿಯಲ್ಲಿಯೋ ಸ್ಟಾರ್ಟರಿನಲ್ಲಿಯೋ ಇರಬೇಕು.

ದಾರಿಯನ್ನು ಪರೀಕ್ಷಿಸಲು ಒಂದು ಕಡ್ಡಿಯನ್ನು ಬ್ಯಾಟರಿಯ ಸೀಸದ ಕೊನೆಯ ಮೇಲೂ ಇನ್ನೊಂದನ್ನು ಅದನ್ನು ಅಪ್ಪಿರುವ ತಂತಿಯ ಹಿಡಿಯ ಮೇಲೂ ಇಟ್ಟು ಕೀಲಿಯನ್ನು ತಿರುಗಿಸಿಸಬೇಕು. ಅಂಕಿಯು ಸೊನ್ನೆಯ ಹತ್ತಿರವಿರಬೇಕು. ಅರ್ಧ ವೋಲ್ಟೋ ಒಂದು ವೋಲ್ಟೋ ಕಂಡುಬಂದರೆ ಕಳ್ಳನು ಅಲ್ಲಿಯೇ ಇದ್ದಾನೆ. ಋಣ ಕೊನೆಯಿಂದ ಇಂಜಿನ್ನಿನ ಲೋಹಕ್ಕೂ ಹೀಗೆಯೇ ನೋಡಬೇಕು. ಕಳ್ಳನು ಸಿಕ್ಕಿದ ಮೇಲೆ ಮೊದಲು ಋಣದ ತಂತಿಯನ್ನು, ಆಮೇಲೆ ಧನದ ತಂತಿಯನ್ನು ಬಿಚ್ಚಿ, ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ಒರಸಿ, ಉಜ್ಜಿ, ಧನವನ್ನು ಮೊದಲು ಜೋಡಿಸಿ ಬಿಗಿಯಾಗಿ ಕಟ್ಟಬೇಕು. ಆ ಪುಡಿಯು ಕಣ್ಣಿಗೂ ಬಟ್ಟೆಗೂ ತಗುಲಬಾರದು. ಇಂಜಿನ್ನು ಓಡುತ್ತಿರುವಾಗ ಬ್ಯಾಟರಿಯ ಮೇಲೆ ಸಾಮಾನ್ಯವಾಗಿ ಹದಿಮೂರುವರೆಯಿಂದ ಹದಿನಾಲ್ಕುವರೆ ವೋಲ್ಟು ಕಾಣುವುದು. ಹನ್ನೆರಡರಲ್ಲಿಯೇ ನಿಂತಿದ್ದರೆ ಡೈನಮೋ ತುಂಬಿಸುತ್ತಿಲ್ಲ ಅಥವಾ ಅದರ ಬೆಲ್ಟು ಜಾರುತ್ತಿದೆ. ಫ್ಯೂಸು ಸುಟ್ಟಿದ್ದರೆ ಅಷ್ಟೇ ಆಂಪಿಯರಿನದನ್ನು ಹಾಕಬೇಕಲ್ಲದೆ ಹೆಚ್ಚಿನದನ್ನು ಹಾಕಕೂಡದು, ತಂತಿಯ ಚೂರನ್ನಂತೂ ಸುತ್ತಲೇಕೂಡದು. ಈಚೆಗೆ ಬಂದಿರುವ, ವಿದ್ಯುತ್ತಿನಿಂದಲೇ ಓಡುವ ಕಾರುಗಳಲ್ಲಿ ಕಿತ್ತಳೆ ಬಣ್ಣದ ದಪ್ಪ ತಂತಿಗಳಿರುವುವು. ಅವುಗಳಲ್ಲಿ ನೂರಾರು ವೋಲ್ಟು ಇರುವುದರಿಂದ ಕಲಿತ ಕೆಲಸಗಾರರಲ್ಲದೆ ಬೇರೆಯವರು ಮುಟ್ಟತಕ್ಕದ್ದಲ್ಲ.

ಉಪಸಂಹಾರ

ಪ್ರಿಯರಾದ ಹಳೆಯ ವಿದ್ಯಾರ್ಥಿನಿಯರೇ, ಪೋಷಕರೇ, ಶೇಷಾದ್ರಿ ಅಯ್ಯರವರು ಊಹೆಯ ಮೇಲೆ ಹಣವನ್ನು ಸುರಿದವರಲ್ಲ, ಭಯದಿಂದ ಕೈಕಟ್ಟಿ ಕುಳಿತವರೂ ಅಲ್ಲ. ಅಳೆಯಬಲ್ಲವರನ್ನು ಕಳುಹಿಸಿ ಅಳೆಯಿಸಿ, ಲೆಕ್ಕವು ಒಪ್ಪಿದ ಮೇಲೆ ಹಿಂಜರಿಯದೆ ನಡೆದರು. ಅವರ ಈ ನಡತೆಯು ರಾಜ್ಯದ ದೊಡ್ಡ ಕೆಲಸಕ್ಕೂ ಮನೆಯ ಚಿಕ್ಕ ಕೆಲಸಕ್ಕೂ ಒಪ್ಪುವಂತಹುದು. ಯಂತ್ರದ ವಿಷಯವು ಗಂಡಸರದೆಂದು ನಮ್ಮ ಹೆಣ್ಣುಮಕ್ಕಳನ್ನು ದೂರವಿಡುವ ತಂದೆತಾಯಿಗಳು ಈಗಲೂ ಇದ್ದಾರೆ. ಅಂತಹವರು ಮುಂದಿನ ರಜೆಯಲ್ಲಿ ಮಗಳನ್ನು ಕರೆದುಕೊಂಡು ಶಿವನಸಮುದ್ರಕ್ಕೆ ಹೋಗಲಿ. ಹೊರಡುವ ಮೊದಲು ಗಾಡಿಯ ಬ್ಯಾಟರಿಯನ್ನು ಅಳೆಯುವ ಕೆಲಸವನ್ನು ಅವಳಿಗೇ ಒಪ್ಪಿಸಲಿ. ಅಲ್ಲಿ ಬೀಳುವ ನೀರನ್ನು ತೋರಿಸಿ, ಅದರ ಬೆಳಕನ್ನು ಕಾಣದೆಯೇ ಹೋದ ಮಹನೀಯರ ಹೆಸರನ್ನು ಅವಳಿಗೆ ಹೇಳಲಿ.